ಕೈ ಎತ್ತಬಾರದ ಪರೀಕ್ಷೆ

ಕಳೆದ ಭಾನುವಾರ ನಮ್ಮ ಮನೆಯ ಕಾಲಿಂಗ್ ಬೆಲ್ಲಿನ ವೈರನ್ನು ನಾನೇ ಕಿತ್ತುಹಾಕಿದೆ.

ಸಿಟ್ಟಿನಿಂದ ಅಲ್ಲ. (ಸಿಟ್ಟು ಬಂದರೆ ನಾನು ವೈರು ಕೀಳುವುದಿಲ್ಲ, ಈ ಅಂಕಣ ಬರೆಯುತ್ತೇನೆ. ನಿಮಗೆ ಗೊತ್ತೇ ಇದೆ.) ಕುಕ್ಕರನ್ನು ಒಲೆಯಿಂದ ಇಳಿಸಿದೆ. ಟಿವಿಯ ಪ್ಲಗ್ ತೆಗೆದೆ. ಯಜಮಾನರ ಕೈಗೆ ಚೀಲ ಕೊಟ್ಟು, ಎರಡು ಗಂಟೆಯವರೆಗೆ ಮನೆ ಕಡೆ ಮುಖ ಹಾಕಬೇಡಿ ಎಂದು ಗದಗಿನ ಮಾರ್ಕೆಟ್ಟಿಗೆ ಅಟ್ಟಿದೆ. ಪಾಪ, ಏನು ತರಲಿ ಎಂದು ಕೇಳಿದರು. ಏನಾದರೂ ತನ್ನಿ, ತಡವಾಗಿ ತನ್ನಿ ಎಂದೆ.

ಯಾಕೆಂದರೆ ಅವತ್ತು ಹನ್ನೆರಡರಿಂದ ಎರಡರವರೆಗೆ ನನ್ನ ತಂಗಿ ಕಸ್ತೂರಿಗೆ ಪರೀಕ್ಷೆ ಇತ್ತು. ನಮ್ಮ ಮನೆಯಲ್ಲಿ. ಫೋನಿನಲ್ಲಿ.

ಕಸ್ತೂರಿಯನ್ನು ಮುಂಡರಗಿಗೆ ಕೊಟ್ಟಿದ್ದೇವೆ. ತುಂಬಿದ ಮನೆ, ಮುಂದೆ ಕಿರಾಣಿ ಅಂಗಡಿ, ಹಗಲೆಲ್ಲ ಬಂದುಹೋಗುವ ಜನ. ಅಂಥ ಮನೆಯಲ್ಲಿದ್ದುಕೊಂಡು ಅವಳು ವರ್ಷದಿಂದ ಆರಿ ವರ್ಕ್ ಕಲಿಯುತ್ತಿದ್ದಳು. ಮದುವೆ ಬ್ಲೌಸುಗಳ ಮೇಲೆ ಕೊಕ್ಕೆಸೂಜಿಯಿಂದ ರೇಷ್ಮೆ ದಾರ, ಜರಿ, ಮಣಿ ಸೇರಿಸಿ ನವಿಲು, ಕಮಲ ಮೂಡಿಸುತ್ತಾರಲ್ಲ, ಅದು. ಪೇಟೆಯಲ್ಲಿ ಇದಕ್ಕೆ ಮಗ್ಗಂ ವರ್ಕ್ ಎನ್ನುತ್ತಾರೆ. (ನಿಜವಾದ ಮಗ್ಗ ಬಿಚ್ಚಿಟ್ಟ ಬೆಟಗೇರಿಯ ಮನೆಯವರು ನಾವು. ಆ ಹೆಸರು ಕೇಳಿದಾಗಲೆಲ್ಲ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.)

ಕಲಿತದ್ದು ಆನ್‌ಲೈನ್. ಅದೂ ಕದ್ದು.

ಮೊದಲು ಅವಳು ಊರಲ್ಲೇ ಒಂದು ಟೇಲರಿಂಗ್ ಕ್ಲಾಸಿಗೆ ಹೆಸರು ಹಚ್ಚಿದ್ದಳು. ವಾರ ತುಂಬುವುದರೊಳಗೆ ಅತ್ತೆ ಬಿಡಿಸಿದರು. ಬೈಯಲಿಲ್ಲ, ಕೂಗಾಡಲಿಲ್ಲ. ನಮ್ಮ ಮನಿಯಾಗ ನಿನಗ ಏನ್ ಕಮ್ಮಿ ಆಗೈತಿ ಅಂತ ಹೋಗ್ತಿ, ಎಂದು ಕೇಳಿದರಂತೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಕಮ್ಮಿ ಆಗಿದೆ ಎಂದರೆ ಮನೆತನಕ್ಕೆ ಅವಮಾನ. ಆಗಿಲ್ಲ ಎಂದರೆ ಮತ್ತೆ ಕ್ಲಾಸು ಯಾಕೆ?

ಹಾಗಾಗಿ ಫೋನು. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ, ಒಳಗಿನ ಕೋಣೆಯಲ್ಲಿ ಜೋಳದ ಚೀಲಗಳ ನಡುವೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಕ್ಯಾಮೆರಾದಲ್ಲಿ ಅವಳ ಕೈ ಮಾತ್ರ ಕಾಣುತ್ತಿತ್ತು. ಟೀಚರ್ ಇವತ್ತಿನವರೆಗೂ ಅವಳ ಮುಖ ನೋಡಿಲ್ಲ. ಕೈಯ ಹಸಿರು ಬಳೆ ನೋಡಿ ಅವಳನ್ನು "ಹಸರ ಬಳಿಯವರ" ಎಂದೇ ಕರೆಯುತ್ತಾರಂತೆ.

ಆ ಟೀಚರ್ ಹೆಸರು ಶಬಾನಾ. ಲಕ್ಷ್ಮೇಶ್ವರದವರು. ಜರಿ ಕೆಲಸ ಮಾಡಿಕೊಂಡು ಬಂದ ಮನೆತನ. ಲಕ್ಷ್ಮೇಶ್ವರವೇನು ಸಮುದ್ರದ ಆಚೆ ಇದೆಯೇ? ಮುಂಡರಗಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಶಿರಹಟ್ಟಿ ಮೇಲೆ ಹಾದು ಊಟದ ಹೊತ್ತಿಗೆ ಮುಟ್ಟಬಹುದು. ಆದರೂ ಗುರು ಶಿಷ್ಯೆ ಒಬ್ಬರನ್ನೊಬ್ಬರು ನೋಡಿಲ್ಲ. ಬಸ್ಸಿಗೆ ಹತ್ತುವುದು ಸುಲಭ. ಹತ್ತುವ ಮೊದಲು ಮನೆಯಲ್ಲಿ ಎಷ್ಟು ಜನಕ್ಕೆ ಕಾರಣ ಹೇಳಬೇಕು ಎನ್ನುವುದು ಕಷ್ಟ.

ಈಗ ಪರೀಕ್ಷೆ. ಪಾಸಾದರೆ ಶಬಾನಾ ಟೀಚರ್ ತಮ್ಮ ಹೊಸ ಬ್ಯಾಚಿಗೆ ಪಾಠ ಹೇಳಲು ಕಸ್ತೂರಿಯನ್ನೇ ತೆಗೆದುಕೊಳ್ಳುತ್ತಾರೆ. ಫೇಲಾದರೆ ಆ ಜಾಗ ಬೇರೆಯವರಿಗೆ. ನನ್ನ ತಂಗಿ ಜನ್ಮದಲ್ಲಿ ತನಗಾಗಿ ಕೇಳಿದ್ದು ಇದೊಂದೇ. ಅದನ್ನೂ ಬಾಯಿಬಿಟ್ಟು ಕೇಳಿಲ್ಲ.

ನಿಯಮಗಳು ಬಿಗಿ. ಎರಡು ತಾಸು ಲೈವ್. ಕೈ ಮತ್ತು ಬಟ್ಟೆ ಕ್ಯಾಮೆರಾದ ಕಣ್ಣಿನಿಂದ ಆಚೆ ಹೋಗಬಾರದು. ಬೇರೆಯವರ ಕೈ ಕಂಡರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಹಿಂದಿನ ಬ್ಯಾಚಿನಲ್ಲಿ ಯಾರೋ ತಂಗಿ ಅಕ್ಕನ ಕೈಯಿಂದ ಹೊಲಿಸಿ ಪಾಸಾಗಿದ್ದಳಂತೆ. (ನನ್ನ ಮೇಲೆ ಅಂಥ ಅನುಮಾನ ಬೇಡ. ನನಗೆ ಅಂಗಿಗೆ ಗುಂಡಿ ಹಚ್ಚಲಿಕ್ಕೂ ಬರುವುದಿಲ್ಲ. ಒಮ್ಮೆ ಆನ್‌ಲೈನ್ ವಾಟರ್‌ಕಲರ್ ಕ್ಲಾಸಿಗೆ ಸೇರಿದ್ದೆ. ನಾನು ಬರೆದ ಸೂರ್ಯಾಸ್ತವನ್ನು ನೋಡಿ ಯಜಮಾನರು, ಸಾರು ಚೆಲ್ಲಿತೇನು ಎಂದು ಬಟ್ಟೆ ತಂದು ಒರೆಸಲು ಹೋಗಿದ್ದರು.)

ನಿಯಮ ಇಲ್ಲದಿದ್ದರೂ ಈ ಕೆಲಸದಲ್ಲಿ ಕೈ ಬಿಡುವ ಹಾಗಿಲ್ಲ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಬಲಗೈಯಲ್ಲಿ ಸೂಜಿ ಮೇಲೆ, ಎಡಗೈಯಲ್ಲಿ ದಾರ ಬಟ್ಟೆಯ ಕೆಳಗೆ. ಸಾಲಿನ ನಡುವೆ ಒಂದು ಕೈ ಸಡಿಲಾದರೂ ಹಾಕಿದ ಸರಪಳಿ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ.

ಮುಂಡರಗಿಯ ಮನೆಯಲ್ಲಿ ಎರಡು ತಾಸು? ಸಾಧ್ಯವೇ ಇಲ್ಲ. ಅಕ್ಕನ ಮನೆಯಲ್ಲಿ ಶಾವಿಗೆ ಮಾಡುವುದಿದೆ, ಕೈಯಾಸರೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಕಸ್ತೂರಿ ಶನಿವಾರ ಸಂಜೆಯೇ ಬಂದಳು. ಹಿಂದಿನ ಕೋಣೆಯಲ್ಲಿ ಅವಳನ್ನು ಕೂರಿಸಿದೆ. ಅದು ಮೊದಲು ಮಗ್ಗದ ಕೋಣೆ. ಬಾಗಿಲಿಲ್ಲ, ಪರದೆ ಮಾತ್ರ. ಮಗ್ಗದ ಕೋಣೆಗೆ ಚಿಲಕ ಯಾರು ಹಾಕಿಸುತ್ತಾರೆ?

ಹನ್ನೆರಡಕ್ಕೆ ಶುರುವಾಯಿತು. ಸ್ಟ್ಯಾಂಡಿಗೆ ಕಟ್ಟಿದ ಫೋನು ಅವಳ ಕೈಗಳನ್ನೇ ದಿಟ್ಟಿಸುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೇಲೆ ಸರಿಸಿ ಕರವಸ್ತ್ರ ಕಟ್ಟಿಕೊಂಡು ಕೂತಿದ್ದಳು. ನಾನು ಪಡಸಾಲೆಯಲ್ಲಿ ಕಾವಲು.

ಕರೆಂಟು ಹೋಯಿತು. ಇನ್ವರ್ಟರ್ ಕೈಹಿಡಿಯಿತು. ಓಣಿಯಲ್ಲಿ ಹಳೆ ಪಾತ್ರೆ ಕೊಳ್ಳುವವನ ಮೈಕು ಬಂತು. ಓಡಿಹೋಗಿ ಕೈಮುಗಿದೆ, ಮುಂದಿನ ಓಣಿಗೆ ಹೋದ. ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಿ ಬಂದರು. ಹೊಸಿಲಲ್ಲೇ ಕೊಟ್ಟು ಕಳಿಸಿದೆ. ಅವರು ಇನ್ನು ತಿಂಗಳು ಮಾತಾಡಿಸುವುದಿಲ್ಲ, ಬಿಡಿ.

ಒಂದು ಗಂಟೆ ದಾಟಿತು. ಇನ್ನೇನು, ದಡ ಸೇರಿದಂತೆಯೇ ಎಂದುಕೊಂಡೆ. ಅಷ್ಟರಲ್ಲಿ ಅಂಗಳದಿಂದ ಒಂದು ಕೆಮ್ಮು. ಆಮೇಲೆ ಚಪ್ಪಲಿ ಬಿಡುವ ಸಪ್ಪಳ.

ಕಸ್ತೂರಿಯ ಮಾವ ಈರಪ್ಪನವರು!

ಬೆಲ್ಲಿನ ವೈರು ಕಿತ್ತರೆ ಏನು ಬಂತು? ಬೀಗರು ಬೆಲ್ಲು ಒತ್ತಿ ಬರುತ್ತಾರೆಯೇ? ಹೊಂಬಳದಲ್ಲಿ ಲಗ್ನ ಇತ್ತಂತೆ. ಊಟ ಮುಗಿಸಿ, ಹೇಗೂ ಹಾದಿಯ ಮೇಲಿದೆ, ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋದರಾಯಿತು ಎಂದು ಬಂದಿದ್ದರು. ಮಜ್ಜಿಗೆ ಕೇಳಿದವರನ್ನು ಹೊಸಿಲಲ್ಲಿ ನಿಲ್ಲಿಸಬಹುದು. ಬೀಗರನ್ನು ನಿಲ್ಲಿಸುವುದುಂಟೇ? ಬರ್ರಿ, ಕುಂಡ್ರಿ ಎಂದೆ. ಕಾಲಿಗೆ ನೀರು ಕೊಟ್ಟೆ. ಚಹಾಕ್ಕಿಟ್ಟೆ.

ಶಾವಿಗೆ ಎಲ್ಲಿ ಒಣಹಾಕಿದ್ದೀರಿ ಎಂದು ಕೇಳಿದರು. ಮಾಳಿಗೆ ಮೇಲೆ ಎಂದೆ. ಕಸ್ತೂರಿ ಎಲ್ಲಿ ಎಂದರು. ಇಲ್ಲಿ ನನ್ನ ಬುದ್ಧಿ ಕೈಕೊಟ್ಟಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು, ತಲೆನೋವು ಅಂತ ಮಲಗಿದ್ದಾಳೆ ಎಂದುಬಿಟ್ಟೆ.

ಒಳ್ಳೆಯ ಮನುಷ್ಯರ ಎದುರು ಸುಳ್ಳು ಹೇಳಬಾರದು ನೋಡಿ. ಕೆಟ್ಟವರಾಗಿದ್ದರೆ ಹೌದಾ ಎಂದು ಸುಮ್ಮನೆ ಕೂರುತ್ತಿದ್ದರು. ಇವರು ಗಾಬರಿಯಾಗಿ ಎದ್ದೇಬಿಟ್ಟರು. ಗುಳಿಗೆ ತೆಗೆದುಕೊಂಡಳೇ, ದವಾಖಾನೆಗೆ ಕರೆದುಕೊಂಡು ಹೋಗೋಣವೇ ಎನ್ನುತ್ತ ನೇರ ಹಿಂದಿನ ಕೋಣೆಯ ಕಡೆಗೆ ನಡೆದರು. ನಾನು ಹಿಂದೆ ಓಡಿದೆ. ಪರದೆ ಸರಿದೇಹೋಯಿತು.

ಫೋನಿನಿಂದ ಶಬಾನಾ ಟೀಚರ್ ದನಿ, ಇನ್ನು ಇಪ್ಪತ್ತು ನಿಮಿಷ ಎಂದು ಹೇಳುತ್ತಿತ್ತು. ಕಸ್ತೂರಿ ತಲೆ ಎತ್ತಿದಳು. ಬಾಗಿಲಲ್ಲಿ ಮಾವ.

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಮಾವನ ಎದುರು ಕೂತವಳಲ್ಲ. ಅವರ ಕೆಮ್ಮು ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಾಳೆ, ಏಳುವಾಗಲೇ ಸೆರಗು ತಲೆಯ ಮೇಲೆ ಬಂದಿರುತ್ತದೆ. ಅದನ್ನು ಯಾರೂ ಅವಳಿಗೆ ದಿನಾ ಹೇಳುವುದಿಲ್ಲ. ಮೈ ತಾನಾಗಿ ಮಾಡುತ್ತದೆ.

ಈಗ ಏನು ಮಾಡುತ್ತಾಳೆ? ಎದ್ದರೆ ಪರೀಕ್ಷೆ ಹೋಯಿತು. ಏಳುವುದಿರಲಿ, ಸೆರಗು ಸೊಂಟದಲ್ಲಿದೆ, ಅದನ್ನು ತಲೆಗೆ ಎಳೆದುಕೊಳ್ಳಲಿಕ್ಕೂ ಒಂದು ಕೈ ಬೇಕು. ಮೇಲೊಂದು ಕೈ ಸೂಜಿಯಲ್ಲಿ, ಕೆಳಗೊಂದು ಕೈ ದಾರದಲ್ಲಿ. ಸೂಜಿ ನಿಂತುಬಿಟ್ಟಿತು. ಅವಳ ಹೆಗಲು ಒಮ್ಮೆ ಮೇಲೆದ್ದು ಇಳಿಯಿತು. ನನಗೆ ತಡೆಯಲಾಗಲಿಲ್ಲ. ನಾನೇ ಸೆರಗು ಹೊದಿಸುತ್ತೇನೆ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಅವಳು ನನ್ನತ್ತ ನೋಡಿ, ಬೇಡ ಎಂದು ತಲೆಯಾಡಿಸಿದಳು. ನನ್ನ ನೆರಳು ಬಟ್ಟೆಯ ಮೇಲೆ ಬಿದ್ದರೂ ಕ್ಯಾಮೆರಾ ನೋಡುತ್ತಿತ್ತು.

ಆಮೇಲೆ ತಲೆ ಬಗ್ಗಿಸಿದಳು. ಸೆರಗಿಲ್ಲದ ಬರಿ ತಲೆ. ಸೂಜಿ ಮತ್ತೆ ಬಟ್ಟೆಗೆ ಇಳಿಯಿತು.

ಅವಳ ಕೈ ನಡುಗುತ್ತಿದ್ದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಈರಪ್ಪನವರು ಸ್ವಲ್ಪ ಹೊತ್ತು ನಿಂತರು. ಪರದೆಯನ್ನು ಮೊದಲಿದ್ದ ಹಾಗೆ ಎಳೆದು, ಪಡಸಾಲೆಗೆ ಬಂದು ಕೂತರು. ನಾನು ಚಹಾ ತಂದಿಟ್ಟೆ.

"ಬ್ಯಾಡ," ಎಂದರು.

ನಮ್ಮ ಕಡೆ ಬೀಗರ ಮನೆಯಲ್ಲಿ ಚಹಾ ಬೇಡ ಎನ್ನುವುದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಎದುರಿಗೆ ನಿಂತೇ ಇದ್ದೆ. ಚಹಾದ ಮೇಲೆ ಕೆನೆ ಕಟ್ಟಿತು. ಬಹಳ ಹೊತ್ತಿನ ಮೇಲೆ, ಫೋನಿನಲ್ಲಿ ಮಾತಾಡಿದ್ದು ಯಾರು ಎಂದು ಕೇಳಿದರು. ಟೀಚರ್ ಎಂದೆ. ಹೆಣ್ಣುಮಗಳೇ ಎಂದರು. ಹೌದು ಎಂದೆ. ಅಷ್ಟೇ. ನನ್ನ ಇಡೀ ಆಯುಷ್ಯದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.

ಆನ್‌ಲೈನ್ ಕ್ಲಾಸುಗಳ ಜಾಹೀರಾತು ನೋಡುತ್ತೀರಲ್ಲ? ಮನೆಯಲ್ಲೇ ಆರಾಮಾಗಿ ಕೂತು ಕಲಿಯಿರಿ ಎಂದಿರುತ್ತದೆ. ಪಕ್ಕದಲ್ಲಿ ಸೋಫಾ ಮೇಲೆ ಕಾಲು ಚಾಚಿದ ಒಬ್ಬ ಹೆಣ್ಣುಮಗಳು, ಕೈಯಲ್ಲಿ ಕಾಫಿ ಕಪ್ಪು. ಅದನ್ನು ಬರೆದವರು ಯಾವತ್ತಾದರೂ ತಮ್ಮ ಮನೆಯ ಹೆಂಗಸು ಎರಡು ತಾಸು ಒಂದೇ ಕಡೆ ಕೂತದ್ದನ್ನು ನೋಡಿದ್ದಾರೆಯೇ? ಹೊರಗಿನ ಕ್ಲಾಸಿಗೆ ಹೋದವಳು ಹೊರಗಾದರೂ ಹೋಗಿರುತ್ತಾಳೆ. ಮನೆಯಲ್ಲೇ ಕಲಿಯುವವಳನ್ನು ಹಾಲಿನವನೂ ಕರೆಯುತ್ತಾನೆ, ಮೊಸರೂ ಕರೆಯುತ್ತದೆ, ಕೆಮ್ಮೂ ಕರೆಯುತ್ತದೆ. ಅಲ್ಲೇ ಇದ್ದಾಳಲ್ಲ, ಎದ್ದರೇನಾಯಿತು?

ಎರಡು ಗಂಟೆಗೆ ಕಸ್ತೂರಿ ಹೊರಗೆ ಬಂದಳು. ಈಗ ಸೆರಗು ತಲೆಯ ಮೇಲಿತ್ತು. ಕಂಬದ ಪಕ್ಕ ನಿಂತಳು.

"ನಾ ಬಂದ್ರೂ ಏಳಲಿಲ್ಲಲ್ಲವಾ ನೀ," ಎಂದರು ಈರಪ್ಪನವರು. ದನಿ ಏರಿರಲಿಲ್ಲ. ಅದೇ ಹೆಚ್ಚು ಹೆದರಿಕೆ.

"ಏಳಾಕ ಬರ್ತಿರಲಿಲ್ರಿ ಮಾವಾರ. ಕೈ ಎತ್ತಿದ್ರ ಪರೀಕ್ಷಾ ಹೋಗ್ತಿತ್ತು."

"ಹೇಳಿ ಬರಬೇಕಾಗಿತ್ತು."

"ಹೇಳಿದ್ರ ಕಳಸ್ತಿದ್ರೇನ್ರಿ?"

ಇದನ್ನು ಅವಳು ಎದುರುತ್ತರದ ಧಾಟಿಯಲ್ಲಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದಳು. ಈರಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೆಲ ನೋಡಿದರು. ಸುಳ್ಳು ಹೇಳುವ ಮನುಷ್ಯರಾಗಿದ್ದರೆ, ಕಳಿಸುತ್ತಿದ್ದೆ ಎನ್ನಬಹುದಿತ್ತು. ಅನ್ನಲಿಲ್ಲ.

ಆಮೇಲೆ ಬಟ್ಟಲಿನ ಕಡೆ ಕೈ ತೋರಿಸಿದರು. "ಈ ಚಾ ಆರೈತಿ. ಬಿಸಿ ಮಾಡಿ ಕೊಡ್ರಿ."

ನನ್ನ ಜೀವ ಮರಳಿ ಬಂತು. ಅಷ್ಟರಲ್ಲಿ ರೂಢಿಯಂತೆ ಕಸ್ತೂರಿಯೇ ಬಾಗಿ ಬಟ್ಟಲಿಗೆ ಕೈ ಹಾಕಿದಳು. ಈರಪ್ಪನವರು ತಡೆದರು.

"ನೀ ಬ್ಯಾಡ. ನೀ ಕುಂಡ್ರು."

ಅವಳು ಕೂರಲಿಲ್ಲ. ಹದಿನಾಲ್ಕು ವರ್ಷ ನಿಂತ ಕಾಲು, ಒಂದು ಮಾತಿಗೆ ಮಡಿಚೀತೇ? ಆದರೆ ಅತ್ತಳು. ನಾನೂ ಅತ್ತೆ. ಚಹಾಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು. ಈರಪ್ಪನವರು ಅದನ್ನೇ ಪೂರ್ತಿ ಕುಡಿದರು. ಮಾಳಿಗೆಯ ಮೇಲಿನ ಶಾವಿಗೆಯ ವಿಷಯ ಮತ್ತೆ ಎತ್ತಲಿಲ್ಲ. ಹೊರಡುವಾಗ ಸೊಸೆಯ ಆ ಮರದ ಚೌಕಟ್ಟನ್ನು ತಾವೇ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಮೇಲೆ ಒಂದು ಟವೆಲ್ ಮುಚ್ಚಿದ್ದರು ಎನ್ನುವುದನ್ನೂ ಹೇಳಿಬಿಡಬೇಕು. ಊರಿನ ಮಂದಿ ಕೇಳಿದರೆ ಏನು ಹೇಳುವುದು ಎನ್ನುವುದು ಇನ್ನೂ ಅವರಿಗೆ ಹೊಳೆದಿರಲಿಲ್ಲ.

ಮುಂಡರಗಿಯ ಮನೆಯಲ್ಲಿ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಅತ್ತೆ ಇನ್ನೂ ಸೊಸೆಯ ಜೊತೆ ಬಾಯಿ ತುಂಬ ಮಾತಾಡಿಲ್ಲವಂತೆ. ರೊಟ್ಟಿ ತಟ್ಟುವ ಸಪ್ಪಳ ಜೋರಾಗಿದೆಯಂತೆ. ಕ್ಲಾಸು ಬಿಡು ಎಂದೂ ಅಂದಿಲ್ಲ, ಮಾಡು ಎಂದೂ ಅಂದಿಲ್ಲ.

ಬುಧವಾರ ಫಲಿತಾಂಶ ಬಂತು. ಕಸ್ತೂರಿ ಅದನ್ನು ನನಗೆ ಕಳಿಸಿದಳು. ಪಾಸಾಗಿದ್ದಾಳೆ. ಹೊಸ ಬ್ಯಾಚಿಗೆ ತಯಾರಾಗಿ ಎಂದು ಶಬಾನಾ ಟೀಚರ್ ಬರೆದಿದ್ದಾರೆ. ಕೆಳಗೆ ಇನ್ನೊಂದು ಸಾಲು. ಕಮಲದ ಎಡಗಡೆ ಎಸಳಿನಲ್ಲಿ ಸರಪಳಿ ಸಡಿಲಾಗಿದೆ, ಅಲ್ಲಿ ಕೈ ನಡುಗಿದೆ, ಅದಕ್ಕೆ ಅಂಕ ಕಳೆದಿದ್ದೇನೆ.

ಟೀಚರದು ತಪ್ಪಿಲ್ಲ. ಹೊಲಿಗೆ ಸಡಿಲು ಎಂದರೆ ಸಡಿಲೇ. ಕ್ಯಾಮೆರಾಕ್ಕೆ ಕಂಡದ್ದು ಕೈ ಮಾತ್ರ, ಅವರು ಅಂಕ ಹಾಕಿದ್ದು ಕೈಗೆ.

ನಡುಗಿದ ಕೈಗೆ ಅಂಕ ಕಳೆದದ್ದು ಸರಿ. ನಡುಗುತ್ತಿದ್ದರೂ ಎತ್ತದೆ ಇದ್ದ ಕೈಗೆ ಅಂಕ ಕೊಡುವವರು ಯಾರು?