ಕತ್ತಲೆಗೆ ಕಾರಣ ಹೇಳಿ, ಇಳಿದು ಹೋಗುತ್ತೇನೆ

ನಾನು ಹುಟ್ಟಿದ್ದು ಹೂಗ್ಯಂನಲ್ಲಿ. ಅಲ್ಲಿ ಹಿತ್ತಲು ಮುಗಿದರೆ ಹೊಲ, ಹೊಲ ಮುಗಿದರೆ ಕಾಡು. ಆನೆ ಇಳಿದಿದೆ ಎಂಬ ಸುದ್ದಿ ಇದ್ದ ದಿನ ಬಿಟ್ಟರೆ, ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಅಂಗಳದಲ್ಲೇ ಚಾಪೆ ಹಾಸಿ ಬಿದ್ದುಕೊಳ್ಳುತ್ತಿದ್ದೆವು. ಹೆಣ್ಣು ಗಂಡು ಎಂಬ ಭೇದವನ್ನು ಆಕಾಶ ಮಾಡಲಿಲ್ಲ, ನಮ್ಮಪ್ಪನೂ ಮಾಡಲಿಲ್ಲ.

ಮದುವೆಯಾಗಿ ಧನಗೆರೆಗೆ ಬಂದೆ. ಇಲ್ಲಿ ಕರೆಂಟು ಹೋದರೆ ಒಂದು ಕ್ರಮವಿತ್ತು. ಗಂಡಸರು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ತಾರಸಿ ಹತ್ತುವರು. ಹೆಂಗಸರು ನಡುಮನೆಯಲ್ಲಿ ಕೂತು ಸೆರಗಿನಲ್ಲೋ ರಟ್ಟಿನ ಚೂರಿನಲ್ಲೋ ಗಾಳಿ ಬೀಸಿಕೊಳ್ಳುವರು. ಈ ಕ್ರಮ ಮಾಡಿದವರು ಯಾರು ಎಂದು ಅತ್ತೆಯನ್ನು ಕೇಳಿದರೆ, "ಮೊದ್ಲಿಂದ್ಲೂ ಇಂಗೇ ಕಣವ್ವ" ಎಂದು ಬೆನ್ನು ತುರಿಸಿಕೊಂಡರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಸಾಲದ್ದಕ್ಕೆ ಯಳಂದೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹಗಲೆಲ್ಲ ಮಕ್ಕಳಿಗೆ "ಪ್ರಶ್ನೆ ಕೇಳಿ, ಹೆದರಬೇಡಿ" ಎಂದು ಹೇಳಿ, ಸಂಜೆ ಬಸ್ಸಿಳಿದು ಬಂದು ಬಾಯಿ ಮುಚ್ಚಿಕೊಂಡು ಬೆವರುವುದು ಎಂಥ ಬಾಳು? ಎರಡು ಬೇಸಿಗೆ ಸಹಿಸಿದೆ. ಮೂರನೆಯ ಬೇಸಿಗೆಯಲ್ಲಿ, ಅಮಾವಾಸ್ಯೆಯ ಮಾರನೇ ದಿನ, ಉಂಡು ಕೈ ತೊಳೆಯುವಷ್ಟರಲ್ಲಿ ಕರೆಂಟು ಹೋಯಿತು. ನಾನೂ ಚಾಪೆ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ.

ತಾರಸಿಯ ಮೇಲೆ ನನ್ನ ಗಂಡ ಆಗಲೇ ಮಲಗಿದ್ದರು. ಮಾವ ಎದ್ದು ಕೂತರು.

"ಏನವ್ವ, ಏನಾಯ್ತು?"

"ಏನೂ ಆಗ್ನಿಲ್ಲ ಮಾವ. ಸೆಕೆ. ಇಲ್ಲೇ ಮಲಿಕತೀನಿ."

"ಎಂಗಸ್ರು ತಾರ್ಸಿ ಮ್ಯಾಲೆ ಮಲಗೋದುಂಟಾ? ಅಕ್ಕಪಕ್ಕದೋರು ನೋಡುದ್ರೆ ಏನಂದಾರು?"

"ಈ ಕತ್ಲಲ್ಲಿ ಯಾರ್ಗ್ ಕಂಡದು?"

"ಅದ್ಕೇ ಕಣವ್ವ ಬ್ಯಾಡ ಅನ್ನೋದು. ಕತ್ಲು ಎಣ್ಮಕ್ಳಿಗೆ ಒಳ್ಳೇದಲ್ಲ."

ಕಂಡರೂ ತಪ್ಪು, ಕಾಣದಿದ್ದರೂ ತಪ್ಪು! ನನಗೆ ರೇಗಿಹೋಯಿತು. "ಸರಿ ಮಾವ. ಈ ಕತ್ಲು ಯಾಕಾಯ್ತು, ನೀವು ಕಾರಣ ಏಳಿ. ನಾನು ಇಳ್ದು ಓಯ್ತೀನಿ."

"ಒತ್ತು ಮುಳುಗ್ತು, ಕತ್ಲಾಯ್ತು. ಇದೂ ಒಂದ್ ಕೇಳೋ ಮಾತಾ?"

ಚಿಕ್ಕಂದಿನಲ್ಲಿ ನಮ್ಮ ಮೇಷ್ಟ್ರೂ ಇದೇ ಉತ್ತರ ಕೊಟ್ಟು ನನ್ನನ್ನು ಕೂರಿಸಿದ್ದರು. ಆಗ ಕೂತೆ. ಈಗ ಕೂರುವವಳಲ್ಲ.

"ಮ್ಯಾಲೆ ನೋಡಿ ಮಾವ. ಅವು ಒಂದೊಂದೂ ಸೂರ್ಯನೇ. ಅಷ್ಟೊಂದು ಸೂರ್ಯ ಸೇರ್ಕಂಡು ಒಂದು ರಾತ್ರೀನ ಬೆಳಗಕ್ಕಾಗಕಿಲ್ವಾ?"

"ದೂರ ಅವೆ. ಸಣ್ಣಗ್ ಕಾಣ್ತವೆ."

"ನಮ್ಮೂರ್ ಕಾಡೊಳಗೂ ದೂರದ ಮರ ಸಣ್ಣಗೇ ಕಾಣ್ತದೆ. ಆದ್ರೆ ಎರಡ್ ಮರದ್ ಸಂದೀಲಿ ಇನ್ನೊಂದು, ಅದ್ರ ಸಂದೀಲಿ ಮತ್ತೊಂದು. ಯಾವ್ ಕಡೆ ನೋಡುದ್ರೂ ಕಣ್ಣು ಮರಕ್ಕೇ ಬಡೀತದೆ. ಆಕಾಸ ನಕ್ಷತ್ರದ ಕಾಡಾಗಿದ್ರೆ ಎಲ್ಲಾ ಕಡೆ ಬೆಳ್ಕೇ ಇರ್ಬೇಕಿತ್ತು. ಈ ಕಪ್ಪು ಸಂದಿ ಎಲ್ಲಿಂದ್ ಬಂತು?"

ಮಾವ ತಲೆಯೆತ್ತಿ ನೋಡಿದರು. ನಾಲೆ ಪಕ್ಕ ತೆಂಗು ಬೆಳೆಸಿದ ಮನುಷ್ಯ, ಸುಮ್ಮನೆ ಸೋಲುವ ಜಾತಿಯಲ್ಲ.

"ನಮ್ ತೋಪಲ್ಲಿ ಈ ತುದೀಲಿ ನಿಂತ್ರೆ ಆ ತುದೀಲಿ ನಾಲೆ ಕಾಣ್ತದೆ. ಮರ ಕಮ್ಮಿ, ಸಂದಿ ಜಾಸ್ತಿ. ನಿನ್ ಆಕಾಸ ತೋಪು ಕಣವ್ವ, ಕಾಡಲ್ಲ. ಆಯ್ತಲ್ಲ? ಇಳಿ ಮತ್ತೆ."

ಗಂಡ ಕಿಸಕ್ಕನೆ ನಕ್ಕರು. ನಿಜ ಹೇಳುತ್ತೇನೆ, ಉತ್ತರ ಕೇಳಿ ನನಗೂ ಖುಷಿಯಾಯಿತು. ನನ್ನ ಕ್ಲಾಸಿನಲ್ಲಿ ಒಬ್ಬರೂ ಹೀಗೆ ಹೇಳಿಲ್ಲ. ಅರ್ಧ ಸರಿಯೂ ಹೌದು. ಆದರೆ ಅರ್ಧ ಉತ್ತರಕ್ಕೆ ಪೂರ್ತಿ ಮೆಟ್ಟಿಲು ಇಳಿಯಲು ನಾನು ತಯಾರಿರಲಿಲ್ಲ.

ಆಕಾಶದ ಈ ತೋಪಿನ ಬೇಲಿ ಕಂಡವರು ಯಾರೂ ಇಲ್ಲ ಎಂದೆ. ಬೇಲಿಯೇ ಇಲ್ಲದಿದ್ದರೂ ಕತ್ತಲೆ ಇರಬಹುದು. ಈ ವಿಶ್ವಕ್ಕೆ ಒಂದು ವಯಸ್ಸಿದೆ. ಬಹುದೂರದ ಬೆಳಕು ನಮ್ಮ ಕಡೆ ಹೊರಟು ಇನ್ನೂ ದಾರಿಯಲ್ಲಿದೆ. ವಿಶ್ವ ಹಿಗ್ಗುತ್ತಲೇ ಇರುವುದರಿಂದ ಆ ಬೆಳಕಿನಲ್ಲಿ ಒಂದಷ್ಟು ಬಳಲಿ, ತಲುಪಿದರೂ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೂಗ್ಯಂ ಬಸ್ಸಿಗೆ ಕಾದವರಿಗೆ ಇದು ಬೇಗ ಅರ್ಥವಾಗುತ್ತದೆ.

"ಕೊಳ್ಳೇಗಾಲ ಬಿಟ್ಟಿರೋ ಬಸ್ಸು ಇನ್ನೂ ಬರ್ನಿಲ್ಲ ಅಂತ, ಬಸ್ಸೇ ಇಲ್ಲ ಅನ್ನಕ್ಕಾಯ್ತದಾ ಮಾವ? ಕತ್ಲು ಅಂದ್ರೆ ಅಷ್ಟೆಯ. ಅದ್ರಲ್ಲಿ ಎದುರ್ಕಳಕೆ ಏನದೆ?"

"ನೀ ಮೇಷ್ಟ್ರು, ಮಾತಲ್ ಗೆಲ್ತೀಯೆ. ಊರ್ ಬಾಯಿಗ್ ಏನ್ ಏಳನ?"

"ಊರೋರೂ ಕತ್ತೆತ್ತಿ ಮ್ಯಾಲೆ ನೋಡ್ಲಿ. ನನ್ನೇನ್ ನೋಡದು?"

ಹಾಗೆಂದು ಚಾಪೆ ಬಿಡಿಸಿ ಮಲಗಿಯೇಬಿಟ್ಟೆ. ಆವತ್ತು ಇಳಿದರೆ ಮತ್ತೆಂದೂ ಹತ್ತಲಾರೆ ಎಂದು ಗೊತ್ತಿತ್ತು. ಗಂಡ ನಗು ನಿಲ್ಲಿಸಿ ಮಗ್ಗುಲಾದರು. ಅವರಿಂದ ಒಂದು ಮಾತೂ ಬರಲಿಲ್ಲ; ಆ ಸಿಟ್ಟು ನನಗೆ ಈಗಲೂ ಇದೆ.

ಮಾವ ಮೆಟ್ಟಿಲ ಕಡೆ ಬಗ್ಗಿ ಅತ್ತೆಯನ್ನು ಕೂಗಿದರು. "ಬಾ ಇಲ್ಲಿ. ನಿನ್ ಸೊಸೆಗ್ ಒಸಿ ಬುದ್ಧಿ ಏಳು."

ಅತ್ತೆ ಮಂಡಿಯ ಮೇಲೆ ಕೈಯೂರಿಕೊಂಡು ನಿಧಾನವಾಗಿ ಹತ್ತಿ ಬಂದರು. ಇವರೂ ಆ ಕಡೆಗೇ ಸೇರಿದರೆ ಮುಗಿಯಿತು ಎಂದುಕೊಂಡೆ. ಅವರು ನನ್ನನ್ನು ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ತಲೆಯೆತ್ತಿ ಸುಮಾರು ಹೊತ್ತು ನಿಂತರು.

"ಇಷ್ಟೊಂದ್ ಅವಾ?" ಎಂದರು.

ಆಗಲೇ ನಾನು ಗಮನಿಸಿದ್ದು, ಅವರ ಕಂಕುಳಲ್ಲಿ ಒಂದು ದಿಂಬು ಇತ್ತು.

"ನಿಂಗೂ ಬುದ್ಧಿ ಕೆಡ್ತಾ?" ಎಂದರು ಮಾವ.

ಅತ್ತೆ ದಿಂಬನ್ನು ನನ್ನ ಚಾಪೆಯ ಮೇಲೆ ಹಾಕಿದರು. "ಈ ತಾರ್ಸಿ ಆಕ್ದಾಗ ಬಿಂದ್ಗೆ ಒತ್ಕಂಡ್ ಬಂದು ದಿನಾ ನೀರ್ ಉಯ್ದೋಳು ನಾನು. ಒಸಿ ಅತ್ಲಾಗ್ ಜರುಗಿ."

ಮಾವ ಜರುಗಿದರು.