ತೊಡೆಯೊಳಗಿನ ಒಲೆ

ಗೋವಿನಕೋವಿಯ ಮಾಜಿ ಪೈಲ್ವಾನ ಹಾಲಪ್ಪ ದಿನಾ ಬೆಳಗ್ಗೆ ಆಂಜನೇಯನ ಗುಡಿ ಮುಂದಿನ ಗುಂಡುಕಲ್ಲಿನೆದುರು ನಿಂತು, ಎರಡೂ ತೊಡೆ ತಟ್ಟಿ, ಕಲ್ಲನ್ನು ತಬ್ಬಿ, ಎತ್ತಲಾಗದೆ ಬರಿಗೈಲಿ ಏಳುತ್ತಿದ್ದ. ಆ ತಟ್ಟುವ ಸದ್ದಿಗೆ ಗುಡಿಯ ಪಾರಿವಾಳಗಳು ನ್ಯಾಮತಿಯವರೆಗೂ ಹಾರಿಹೋಗುತ್ತಿದ್ದವು. ಅವನ ಪ್ರಕಾರ ತಪ್ಪೆಲ್ಲ ಯೂರಿಯಾ ಹಾಕಿ ಬೆಳೆದ ಜೋಳದ್ದು, ಹೋಟೆಲ್ ಚಹಾದ್ದು. ಕೊನೆಗೆ "ಕಲ್ಲೂ ಬೆಳೀತೈತೆ ಬಿಡ್ರಿ" ಎನ್ನುತ್ತಿದ್ದ. 1989ರ ಬೇಸಿಗೆಯಲ್ಲಿ, ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನನ್ನನ್ನೇ ಹಿಡಿದು ಕೇಳಿದ: "ನನ್ನ ಕಸುವು ಎಲ್ಲಿ ಹೋತು ಮೇಷ್ಟ್ರೇ?" ಸ್ನಾಯುವಿನ ಒಂದೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯಾ ಎಂಬ ಸಣ್ಣ ಒಲೆಗಳಿವೆ, ಅವಕ್ಕೆ ತಮ್ಮದೇ ಡಿಎನ್‌ಎ ಇದೆ, ವಯಸ್ಸಾದಂತೆ ಅದು ಕೆಟ್ಟು ಉರಿ ಕುಗ್ಗುತ್ತದೆಂದು ವಿಜ್ಞಾನಿಗಳ ಊಹೆ ಎಂದೆ. ಆ ಡಿಎನ್‌ಎ ಅಪ್ಪನಿಂದ ಬರುವುದಿಲ್ಲ, ತಾಯಿಯಿಂದಲೇ ಬರುವಂಥದು ಎಂದೂ ಸೇರಿಸಿದೆ. ಹುಟ್ಟಿದ ವಾರದಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಹಾಲಪ್ಪ ಬಹಳ ಹೊತ್ತು ತನ್ನ ತೊಡೆಗಳನ್ನೇ ನೋಡುತ್ತ ಕುಳಿತ. ಈಗಲೂ ದಿನಾ ಗುಂಡಿನ ಮುಂದೆ ಬರುತ್ತಾನೆ, ತೊಡೆ ಮಾತ್ರ ತಟ್ಟುವುದಿಲ್ಲ. ಯಾಕೆ ಹಾಲಪ್ಪ ಎಂದರೆ, ಮೆಲ್ಲಗೆ ತೊಡೆ ಸವರಿಕೊಳ್ಳುತ್ತ ಹೇಳುತ್ತಾನೆ: "ಒಳಗೆ ಅವ್ವ ಅದಾಳಲ್ರಿ, ಹೊಡೆಯಾಕೆ ಕೈ ಬರಲ್ಲ."