ಶಿಫಾರಸಿನ ಕಾಗದ

ಎಂಬಿಎ ಓದಲು ಹೊರಟವರು ಪುಸ್ತಕಕ್ಕಿಂತ ಮೊದಲು ಕ್ಯಾಲೆಂಡರ್ ತೆರೆಯಬೇಕು ಎಂಬುದು ನನಗೆ ಗೊತ್ತಾದದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೆ. ದೊಡ್ಡ ಸಂಸ್ಥೆಗಳು ಸುತ್ತುಗಳಲ್ಲಿ ಅರ್ಜಿ ಕರೆಯುತ್ತವೆ. ಮೊದಲ ಸುತ್ತು ಗಣೇಶನ ಹಬ್ಬದ ಆಸುಪಾಸು ಮುಗಿದರೆ ಎರಡನೆಯದು ಸಂಕ್ರಾಂತಿಯ ಹೊತ್ತಿಗೆ. ಮೊದಲನೆಯದರಲ್ಲಿ ಸೀಟುಗಳೂ ಹೆಚ್ಚು, ತಪ್ಪಿದರೆ ಬೇರೆ ಕಡೆ ನೋಡಲು ಸಮಯವೂ ಉಂಟು.

ಶಿಕಾರಿಪುರದ ಬಾಡಿಗೆ ಕೋಣೆಯಲ್ಲಿ ಕೂತು ಹದಿನೇಳು ಕಾಲೇಜುಗಳನ್ನು ಮೂರಕ್ಕಿಳಿಸಿದೆ. ಒಂದು ಆಸೆಯದ್ದು, ಒಂದು ಸಿಗಬಹುದಾದದ್ದು, ಇನ್ನೊಂದು ಹೇಗೂ ಸಿಗುವಂಥದ್ದು. ಆಸೆಯದ್ದಕ್ಕೆ ಮೊದಲ ಸುತ್ತಿನಲ್ಲೇ ಹಾಕಬೇಕು, ಇನ್ನೊಂದು ವರ್ಷ ಕಾಯಲಾರೆ ಎಂದು ಹಟ ಹಿಡಿದೆ. ಯಾರ ಹತ್ತಿರವೂ ಚರ್ಚಿಸಲಿಲ್ಲ. ಜೊತೆಯಲ್ಲಿ ಓದಿದವರ ಫೋನುಗಳೂ ಅಪರೂಪವಾಗಿದ್ದವು. ಹೇಳಿಕೊಳ್ಳಲು ಜನವಿಲ್ಲ ಎಂಬುದಕ್ಕೆ ಗುಟ್ಟು ಎಂದು ಹೆಸರಿಟ್ಟು ಹೆಮ್ಮೆಪಡುತ್ತಿದ್ದೆ.

ಅರ್ಜಿಗೆ ನನ್ನ ಕೆಲಸ ನೋಡಿದ ಮೇಲಧಿಕಾರಿಯ ಪತ್ರ ಬೇಕಿತ್ತು. ಸೊರಬದ ಹನಿ ನೀರಾವರಿ ಪೈಪಿನ ಕಂಪನಿಯಲ್ಲಿ ಆರು ವರ್ಷದಿಂದ ನನಗೆ ಒಬ್ಬರೇ ಮ್ಯಾನೇಜರ್. ಊಟದ ಹೊತ್ತಿನಲ್ಲಿ ಹೋಗಿ, ನನಗೊಂದು ಶಿಫಾರಸು ಪತ್ರ ಬೇಕು ಎಂದೆ. ಅವರು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ, ಯಾವ ಕಾಲೇಜು, ಯಾವತ್ತಿನೊಳಗೆ ಬೇಕು ಎಂದು ವಿಚಾರಿಸಿದರು. ನೋಡೋಣ ಎಂದರು. ಆಮೇಲೆ ಹನ್ನೆರಡು ದಿನ ಸುದ್ದಿಯಿಲ್ಲ. ಪತ್ರ ಬರೆದು ತುಂಬಲು ಕಾಲೇಜು ಅವರಿಗೆ ಕಳಿಸಿದ ಇಮೇಲ್ ತೆರೆಯದೇ ಬಿದ್ದಿದೆಯೆಂದು ನನ್ನ ಅರ್ಜಿಯ ಪುಟ ತೋರಿಸುತ್ತಿತ್ತು. ಮತ್ತೆ ಕೇಳಲು ಬಾಯಿ ಬರದೆ ಒಳಗೊಳಗೇ ಬೈದುಕೊಂಡೆ.

ಕೊನೆಯ ದಿನ ಮಧ್ಯಾಹ್ನ ಲಕೋಟೆ ಹಿಡಿದು ಬಂದರು. ಒಳಗೆ ತಾಲ್ಲೂಕಿನ ಮುಖಂಡರೊಬ್ಬರ ಲೆಟರ್‌ಹೆಡ್. ಈಕೆ ನಮಗೆ ಪರಿಚಿತರು, ಒಳ್ಳೆಯ ಮನೆತನದವರು, ಸೀಟು ಕೊಟ್ಟು ಸಹಕರಿಸಬೇಕು ಎಂದಿತ್ತು. ಆ ಮುಖಂಡರನ್ನು ನಾನು ನೋಡಿದ್ದು ಪೇಪರಿನಲ್ಲಿ ಮಾತ್ರ. ಇದಕ್ಕಾಗಿ ಮ್ಯಾನೇಜರ್ ಎರಡು ದಿನ ರಜೆ ಹಾಕಿ ಅವರ ಮನೆ ಜಗಲಿಯಲ್ಲಿ ಕಾದಿದ್ದರಂತೆ. ತಪ್ಪು ನನ್ನದೇ. ನಮ್ಮ ಕಡೆ ಶಿಫಾರಸು ಎಂದರೆ ದೊಡ್ಡವರಿಂದ ಮಾತು ಹೇಳಿಸುವುದು. ಅದನ್ನು ಕೇಳಿಕೊಂಡೇ ಬೆಳೆದವಳು ಆ ಪದವನ್ನೇ ಬಳಸಿದ್ದೆ.

ಬರೆಯಬೇಕಾದವರು ನೀವೇ ಎಂದು ವಿವರಿಸಿದೆ.

“ನಂದೇನ್ ನಡೀತದಮ್ಮ? ನನ್ ಮಾತು ಅಲ್ಲಿ ಯಾರ್ ಕೇಳ್ತಾರೆ?”

ಅದನ್ನೇ ಕೇಳುತ್ತಾರೆ ಎಂದು ಕಂಪ್ಯೂಟರಿನ ಮುಂದೆ ಕೂರಿಸಿ ಆ ಇಮೇಲ್ ತೆರೆಸಿದೆ. ಅವರು ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಜಗಳಕ್ಕೆ ಬಂದ ರೈತರ ಜೊತೆ ನಾನು ಹೊಲಕ್ಕೇ ಹೋಗಿ ಪೈಪು ಬಿಚ್ಚಿ ನೋಡಿದ್ದು, ಗುಡವಿ ಕಡೆಯ ಜಮೀನಿನಲ್ಲಿ ಕಂಪನಿಯದೇ ತಪ್ಪೆಂದು ಒಪ್ಪಿಕೊಂಡಿದ್ದು, ಎಲ್ಲ ಅವರಿಗೆ ನೆನಪಿತ್ತು. ನನ್ನನ್ನು ಒಬ್ಬರು ಇಷ್ಟು ಗಮನಿಸಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಕಾಲೇಜಿನ ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಅರ್ಜಿದಾರರನ್ನು ಎಷ್ಟು ಹತ್ತಿರದಿಂದ ಬಲ್ಲಿರಿ? ಕೆಳಗೆ ನಾಲ್ಕು ಆಯ್ಕೆ. ಇದನ್ನು ಅವರೇ ಒತ್ತಲೆಂದು ಮೌಸ್ ಕೊಟ್ಟೆ. ಅವರು ಒತ್ತಲಿಲ್ಲ.

“ಆರು ವರ್ಷ ಆತು. ನಿಮ್ ಮನೇಲಿ ಯಾರ್ಯಾರಿದಾರೆ ಅಂತನೂ ನಂಗೊತ್ತಿಲ್ಲ. ನೀವು ಯಾವತ್ತೂ ಹೇಳ್ಲೇ ಇಲ್ವಲ್ಲಮ್ಮ. ಏನ್ ಹಾಕ್ಲಿ?”

ಸುಳ್ಳು ಬರೆಯುವ ಜಾಯಮಾನ ಅವರದಲ್ಲ. ಬೇರೆ ಯಾರನ್ನಾದರೂ ಕೇಳೋಣವೆಂದರೆ ನನಗೆ ಒಂದು ಹೆಸರೂ ಹೊಳೆಯಲಿಲ್ಲ. ಮೌಸನ್ನು ಮೆಲ್ಲಗೆ ನನ್ನ ಕಡೆ ಎಳೆದುಕೊಂಡು, ‘ಬಹಳ ಹತ್ತಿರದಿಂದ’ ಎಂಬುದನ್ನು ನಾನೇ ಒತ್ತಿದೆ.